ಅಪ್ಪುಗೆಯೊಂದಕ್ಕೆ ಡಿಪ್ರೆಶನ್ ಹೋಗುತ್ತಾ? ಪ್ರೇಮಕಥೆಯ ಸೀರಿಯಲ್ ನೋಡುವಾಗ ಇಡಬೇಕಾದ ಲೆಕ್ಕ

ನಾನು ಸೀರಿಯಲ್ ನೋಡುವಾಗ ಪಕ್ಕದಲ್ಲಿ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ. ಯಾರ ಡ್ರೆಸ್ ಚೆನ್ನಾಗಿದೆ ಅಂತ ಬರೆಯುವುದಕ್ಕಲ್ಲ, ದಿನ ಎಣಿಸುವುದಕ್ಕೆ.

ಇದು ಶುರುವಾಗಿದ್ದು ನಾನೇ ಡಿಪ್ರೆಶನ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ. ಒಂದು ರಾತ್ರಿ ನಾನೂ ಗಂಡನೂ ಯಾವುದೋ ಪ್ರೇಮಕಥೆ ನೋಡುತ್ತಾ ಕೂತಿದ್ದೆವು. ಹೀರೋಯಿನ್ ಮೂರು ಎಪಿಸೋಡ್‌ನಿಂದ ಕಿಟಕಿ ಪಕ್ಕ ಮಂಕಾಗಿ ಕೂತಿದ್ದಳು. ಹೀರೋ ಮಳೆಯಲ್ಲಿ ನೆನೆದುಕೊಂಡು ಓಡಿ ಬಂದ. ಗಟ್ಟಿಯಾಗಿ ಅಪ್ಪಿಕೊಂಡ. ಪಿಟೀಲು ಮೊಳಗಿತು. ಮರುದಿನ ಬೆಳಗ್ಗೆ ಅವಳು ಪರದೆ ಸರಿಸಿ ನಕ್ಕಳು. ನಾನು ಆಕಳಿಸಿದೆ. ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದ: "ನಾನು ನಿನ್ನನ್ನ ಸರಿಯಾಗಿ ನೋಡ್ಕೊಳ್ತಾ ಇಲ್ವಾ?"

ತಿಂಗಳುಗಟ್ಟಲೆ ನನ್ನ ಜೊತೆ ಡಾಕ್ಟರ್ ಹತ್ತಿರ ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದ ಮನುಷ್ಯ ಇವನು. ಅವನ ಪ್ರೀತಿ ಸಾಲದ್ದಕ್ಕೇ ಇವಳು ಇನ್ನೂ ಎದ್ದಿಲ್ಲ ಅಂತ ಆ ಸೀನ್ ಅವನಿಗೆ ಹೇಳಿಬಿಟ್ಟಿತ್ತು. ಕಾಯಿಲೆ ಇದ್ದವರಿಗಿಂತ ಪಕ್ಕದಲ್ಲಿ ಕೂತವರಿಗೇ ಇಂಥ ಸೀನ್ ಜಾಸ್ತಿ ಚುಚ್ಚುತ್ತದೆ ಅಂತ ನನಗೆ ಗೊತ್ತಾಗಿದ್ದು ಆವತ್ತು. ಅದಕ್ಕೇ ಈ ಲೆಕ್ಕ.

ಮೊದಲು ದಿನ ಎಣಿಸಿ. ಎಪಿಸೋಡ್ ಅಲ್ಲ, ಕಥೆಯೊಳಗಿನ ದಿನ. ಪಾತ್ರ ಕುಸಿದದ್ದು ಯಾವಾಗ, ನಕ್ಕಿದ್ದು ಯಾವಾಗ? ಪಕ್ಕದಲ್ಲಿ ನಿಜವಾದ ಲೆಕ್ಕ ಬರೆಯಿರಿ. ಡಿಪ್ರೆಶನ್ ಅಂತ ಡಾಕ್ಟರ್ ಹೇಳಬೇಕಾದರೇ ಲಕ್ಷಣಗಳು ಕನಿಷ್ಠ 2 ವಾರ, ಹೆಚ್ಚುಕಡಿಮೆ ಪ್ರತಿದಿನ ಇರಬೇಕು. 9 ಲಕ್ಷಣಗಳ ಪಟ್ಟಿಯಲ್ಲಿ 5 ಆದರೂ ಕಾಣಬೇಕು. ಅದರಲ್ಲಿ ಒಂದು, ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಆಗಿರಲೇಬೇಕು. ಮಾತ್ರೆ ಶುರು ಮಾಡಿದರೆ ಸ್ವಲ್ಪ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ, ಪೂರ್ತಿ ಪರಿಣಾಮಕ್ಕೆ ಇನ್ನೂ ಜಾಸ್ತಿ. ಮೊದಲ ಕೆಲವು ದಿನ ಹೊಟ್ಟೆ ತೊಳಸಿದಂತಾಗಬಹುದು. ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮಾತ್ರೆ ಮುಂದುವರಿಸಲು ಡಾಕ್ಟರ್‌ಗಳು ಹೇಳುತ್ತಾರೆ. ಆ ಮಳೆ ಸೀನ್‌ಗೆ ನಾನು ಬರೆದದ್ದು: "ಒಂದು ರಾತ್ರಿ."

ಆರು ತಿಂಗಳು ಹಾಸಿಗೆಯಲ್ಲಿ ಬಿದ್ದುಕೊಂಡಿರುವುದನ್ನು ಯಾರು ನೋಡುತ್ತಾರೆ, ಅಲ್ವಾ? ಒಪ್ಪುತ್ತೇನೆ. ಆದರೆ "ಮೂರು ತಿಂಗಳ ನಂತರ" ಅಂತ ಒಂದು ಸಾಲು ಹಾಕೋದಕ್ಕೆ ಖರ್ಚೇನಿಲ್ಲ.

ಎರಡನೆಯದು, ಮುಖ ಬಿಟ್ಟು ಮೈ ನೋಡಿ. ಟೀವಿಗೆ ಡಿಪ್ರೆಶನ್ ಅಂದರೆ ಅಳು. ಕೆನ್ನೆ ಮೇಲೆ ಒಂದೇ ಒಂದು ಹನಿ, ಕಾಡಿಗೆ ಮಾತ್ರ ಅಳಿಸಿರುವುದಿಲ್ಲ. ನನಗೆ ಅಳು ಬರುತ್ತಲೇ ಇರಲಿಲ್ಲ, ಬಂದಿದ್ದರೆ ಎಷ್ಟೋ ವಾಸಿ ಅನಿಸುತ್ತಿತ್ತು. ಒಂದು ದಿನ ಸ್ನಾನಕ್ಕೆ ಹೋಗೋಣ ಅಂತ ಟವೆಲ್ ಹಿಡಿದು ಮಂಚದ ತುದಿಯಲ್ಲಿ ಕೂತೆ. ಎದ್ದಿದ್ದು ಐವತ್ತು ನಿಮಿಷದ ಮೇಲೆ, ಅದೂ ಸ್ನಾನಕ್ಕಲ್ಲ, ಮತ್ತೆ ಮಲಗೋದಕ್ಕೆ. ಟವೆಲ್ ಅಂಚಿನ ದಾರ ಕಿತ್ತು ಕಿತ್ತು ಬೆರಳಿಗೆ ಸುತ್ತಿಕೊಂಡಿದ್ದೆ, ಬೆರಳ ತುದಿ ಬೆಳ್ಳಗಾಗಿತ್ತು.

ಹಾಗಾಗಿ ಕೇಳಿಕೊಳ್ಳಿ: ಈ ಪಾತ್ರ ಸ್ನಾನ ಮಾಡಿದೆಯಾ? ಬೆಳಗಿನ ಜಾವ ಎಚ್ಚರಾಗಿ ಸೂರು ನೋಡುತ್ತಾ ಬಿದ್ದಿರುತ್ತದಾ? ಒಂದು ಮೆಸೇಜಿಗೆ ಉತ್ತರ ಕೊಡಲು ಒದ್ದಾಡುತ್ತದಾ? 2022ರ ಕೊರಿಯನ್ ಡ್ರಾಮಾ 'ಅವರ್ ಬ್ಲೂಸ್'ನಲ್ಲಿ ಸೊನ್-ಆ ಎಂಬ ಹೆಂಗಸಿಗೆ ಡಿಪ್ರೆಶನ್. ಅವಳ ಬಟ್ಟೆಯಿಂದ, ಕೈಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಅದು ಅವಳಿಗೆ ಮಾತ್ರ ಗೊತ್ತಾಗುವ ಒದ್ದೆ. ನಾನು ಅಲ್ಲಿ ಪಾಜ್ ಒತ್ತಿ ಗಂಡನಿಗೆ ತೋರಿಸಿದೆ. ಒದ್ದೆ ಬಟ್ಟೆ ಹಾಕಿಕೊಂಡು ಇಡೀ ದಿನ ಓಡಾಡಿದ ಹಾಗೆ, ನೋಡು, ಇಷ್ಟೇ. ನಾನು ಒಂದು ವರ್ಷ ವಿವರಿಸಲು ಆಗದ್ದು ಅವನಿಗೆ ಅರ್ಧ ನಿಮಿಷದಲ್ಲಿ ಹೊಳೆಯಿತು.

ಮೂರನೆಯದಕ್ಕೆ ಒಂದು ಪುಟ ಪೂರ್ತಿ ಬೇಕು: ಪ್ರೀತಿಸುವವರು ಏನು ಮಾಡಿದರು? ನಡುವೆ ಗೆರೆ ಎಳೆಯಿರಿ. ಎಡಕ್ಕೆ ಗದರಿದ್ದು, ಕೈ ಹಿಡಿದು ಎಳೆದುಕೊಂಡು ಪ್ರವಾಸ ಹೋಗಿದ್ದು, "ನನಗೋಸ್ಕರ ನಗು" ಅಂದಿದ್ದು. ಬಲಕ್ಕೆ ಜೊತೆಗೆ ಕೂತಿದ್ದು, ಅಪಾಯಿಂಟ್‌ಮೆಂಟ್ ತೆಗೆದುಕೊಟ್ಟಿದ್ದು, ತಾನೂ ಊಟ ಮಾಡಿ ಮಲಗಿದ್ದು. ಬಹಳಷ್ಟು ಸೀರಿಯಲ್‌ಗೆ ಎಡಗಡೆ ಜಾಗ ಸಾಲುವುದಿಲ್ಲ.

2020ರ ಐರಿಶ್ ಸೀರಿಯಲ್ 'ನಾರ್ಮಲ್ ಪೀಪಲ್' ಬಲಗಡೆ ತುಂಬಿಸಿದ ಕಥೆ. 12 ಎಪಿಸೋಡಿನಲ್ಲಿ 10ನೆಯದನ್ನು ನೋಡಿ. ಸ್ನೇಹಿತ ಸತ್ತ ಮೇಲೆ ಹೀರೋ ಕಾನೆಲ್ ಕುಸಿದುಬಿಡುತ್ತಾನೆ. ಪ್ರಶ್ನಾವಳಿ ತುಂಬುತ್ತಾನೆ, ಕೌನ್ಸೆಲರ್ ಎದುರು ಕೂತು ಮಾತಾಡುತ್ತಾ ಮಾತಾಡುತ್ತಾ ಒಡೆದುಹೋಗುತ್ತಾನೆ. ಅವನು ಪ್ರೀತಿಸುವ ಮರಿಯಾನ್ ಬೇರೆ ದೇಶದಲ್ಲಿದ್ದಾಳೆ. ವಿಡಿಯೋ ಕಾಲ್ ಆನ್ ಇಟ್ಟು ಅವನು ನಿದ್ದೆ ಹೋಗುವಾಗ ಜೊತೆಗಿರುತ್ತಾಳೆ. ಅಷ್ಟೇ ಅವಳ ಕೆಲಸ, ಉಳಿದದ್ದು ಕೌನ್ಸೆಲರ್‌ದು.

ಮಾತ್ರೆ ಡಬ್ಬಿ ಕಂಡಾಗಲೂ ಕಿವಿ ನೆಟ್ಟಗಾಗಲಿ. ಅಮೆರಿಕದ ಸೀರಿಯಲ್ 'ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್' (2015–2019) ಶುರುವಾಗುವಾಗ ಹೀರೋಯಿನ್ ರೆಬೆಕಾ ಹಳೇ ಪ್ರೇಮಿಯ ಊರಿಗೆ ಬಂದು ಮಾತ್ರೆಯನ್ನೆಲ್ಲ ಸಿಂಕಿಗೆ ಸುರಿಯುತ್ತಾಳೆ. ಬೇರೆ ಕಥೆಯಾಗಿದ್ದರೆ ಅದೇ ಗೆಲುವಿನ ಸೀನ್. ಇಲ್ಲಿ ಹಾಗಲ್ಲ. ಮೂರನೇ ಸೀಸನ್‌ನಲ್ಲಿ ಅವಳಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆಗಳು ಹಿಡಿತಕ್ಕೆ ಸಿಗದ ಒಂದು ಮಾನಸಿಕ ಕಾಯಿಲೆ) ಅಂತ ಗೊತ್ತಾಗುತ್ತದೆ, ಚಿಕಿತ್ಸೆ ನಡೆಯುತ್ತದೆ. ಕೊನೆಗೆ ಕಾದು ನಿಂತ ಮೂವರು ಪ್ರೇಮಿಗಳಲ್ಲಿ ಯಾರನ್ನೂ ಅವಳು ಆರಿಸುವುದಿಲ್ಲ. ನೀವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ತೆರೆಯ ಮೇಲೆ ಯಾರೇ ಎಸೆಯಲಿ, ನೀವು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ ಬರಬಹುದು. ಒಂದು ಸಲ ನಾನೇ ಬಿಟ್ಟು ನೋಡಿದ್ದೆ, ಗೋಡೆ ಹಿಡಿದುಕೊಂಡು ನಡೆದಿದ್ದೆ.

ಆತ್ಮಹತ್ಯೆಯ ಸೀನ್ ಬಂದರೆ ನೋಟ್‌ಬುಕ್ ಮುಚ್ಚಿ, ಮುಂದಕ್ಕೆ ಓಡಿಸಿ. ಸತ್ತ ವಿಧಾನವನ್ನು ವಿವರವಾಗಿ ತೋರಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನೋಡಿದವರು ಅನುಕರಿಸುವ ಅಪಾಯ ನಿಜವಾಗಿಯೂ ಇದೆ. ನಿಮ್ಮ ಮನಸ್ಸೇ ಆ ಕಡೆ ವಾಲುತ್ತಿದ್ದರೆ ಟೀವಿ ಆಫ್ ಮಾಡಿ ಯಾರಿಗಾದರೂ ಈಗಲೇ ಫೋನ್ ಮಾಡಿ. ಸೀರಿಯಲ್ ಎಲ್ಲಿಗೂ ಹೋಗುವುದಿಲ್ಲ.

ಎಪಿಸೋಡ್ ಮುಗಿದ ಮೇಲೆ ಪಕ್ಕದವರನ್ನು ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ನಿನಗೆ ಯಾವುದು ನೋವಾಯ್ತು?" ನಾವು ಆವತ್ತು ಹೀಗೆ ಕೂತು ಮಾತಾಡಿದ್ದು ರಾತ್ರಿ ಎರಡರವರೆಗೆ. ಅವನ ಪ್ರೀತಿಗೂ ನನ್ನ ಮಿದುಳಿಗೂ ಬೇರೆ ಬೇರೆ ಖಾತೆ ಅಂತ ಅವನಿಗೆ ನಂಬಿಸಲು ಅಷ್ಟು ಹೊತ್ತು ಬೇಕಾಯಿತು.

ಈಗ ನೋಟ್‌ಬುಕ್ ಅವನ ಕೈಯಲ್ಲಿರುತ್ತದೆ. ಕೊನೆಯ ಪುಟದಲ್ಲಿ ಅವನ ಕೋಳಿಕಾಲಿನ ಅಕ್ಷರ: "ಎಪಿಸೋಡ್ 9. ಹೀರೋ ಹಾಡು ಹೇಳಿದ. ಒಂದೂವರೆ ನಿಮಿಷ. ಪೂರ್ತಿ ಗುಣ."