ದುಬಾರಿ ಸ್ಪೀಕರ್ ಕೇಬಲ್: ಅಳೆದು ನೋಡಿದೆ, ಕೇಳಿಯೂ ನೋಡಿದೆ

ದುಬಾರಿ ಕೇಬಲ್ ಬಗ್ಗೆ ಹೇಳುವ ಮಾತುಗಳು ನಿಮಗೂ ಗೊತ್ತಿರುತ್ತವೆ. ಬಾಸ್ ಬಿಗಿಯಾಗುತ್ತದಂತೆ, ಹಾಡುವವರು ಎದುರಿಗೇ ಬಂದು ಕೂತಂತೆ ಇರುತ್ತದಂತೆ. ನನ್ನ ಗೆಳೆಯನೊಬ್ಬ ಅಂಥದ್ದೊಂದು ಜೋಡಿ ಕೊಂಡ. ಹೆಬ್ಬೆರಳು ದಪ್ಪ, ಮೇಲೆ ನೇಯ್ದ ಹೊದಿಕೆ, ತುದಿಗೆ ಚಿನ್ನದ ಲೇಪದ ಪ್ಲಗ್. ಆಂಪ್ಲಿಫೈಯರ್‌ಗಿಂತ ಕೇಬಲ್ಲಿಗೇ ಜಾಸ್ತಿ ದುಡ್ಡು ಹೋಗಿತ್ತು. ವೈರಿಂಗು, ಸೋಲ್ಡರಿಂಗು ನನಗೆ ಅಭ್ಯಾಸ. "ಸ್ವಲ್ಪ ದಿನ ಕೊಟ್ಟಿರು, ಅಳೆದು ನೋಡ್ತೀನಿ" ಅಂದೆ. ಅವನಿಗೂ ಕುತೂಹಲ ಇತ್ತು, ಕೊಟ್ಟ.

ಮೊದಲು ರೆಸಿಸ್ಟೆನ್ಸ್. ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು ಅಳೆದರೆ ಇದು ಸಿಗುವುದಿಲ್ಲ. ಪ್ರೋಬಿನ ವೈರುಗಳ ರೆಸಿಸ್ಟೆನ್ಸೇ ಕೇಬಲಿಗಿಂತ ಜಾಸ್ತಿ ಇರುತ್ತದೆ. ಹಾಗಾಗಿ ಪವರ್ ಸಪ್ಲೈಯ ಕರೆಂಟ್ ಮಿತಿಯನ್ನು 1 ಆಂಪಿಯರ್‌ಗೆ ಇಟ್ಟೆ. ಕೇಬಲಿನ ಆಚೆ ತುದಿಯಲ್ಲಿ ಎರಡೂ ತಂತಿಗಳನ್ನು ಸೇರಿಸಿ ಬಿಗಿದೆ. ಈಚೆ ತುದಿಯಿಂದ ಕರೆಂಟ್ ಹರಿಸಿ, ಅಲ್ಲೇ ವೋಲ್ಟೇಜ್ ಓದಿಕೊಂಡೆ. 1 ಆಂಪಿಯರ್ ಹರಿಯುವಾಗ ಮೀಟರ್ ಎಷ್ಟು ಮಿಲಿವೋಲ್ಟ್ ತೋರಿಸುತ್ತದೋ ಕೇಬಲ್ ಅಷ್ಟೇ ಮಿಲಿಓಮ್. ಪ್ರೋಬನ್ನು ಮಾತ್ರ ಸಪ್ಲೈಯ ಕ್ಲಿಪ್ಪಿನ ಮೇಲೆ ಒತ್ತಬೇಡಿ, ತಾಮ್ರದ ಮೇಲೇ ಒತ್ತಿ. ಇಲ್ಲದಿದ್ದರೆ ಕ್ಲಿಪ್ಪಿನ ರೆಸಿಸ್ಟೆನ್ಸೂ ಸೇರಿಕೊಳ್ಳುತ್ತದೆ.

ನನ್ನ ಸ್ಪೀಕರಿಗೆ ಇದ್ದದ್ದು 2.5 ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ ವೈರು, 3 ಮೀಟರ್ ಉದ್ದ. ಹೋಗಿ ಬರುವ ದಾರಿ ಸೇರಿ 6 ಮೀಟರ್. ಲೆಕ್ಕದ ಪ್ರಕಾರ ಸುಮಾರು 41 ಮಿಲಿಓಮ್ ಬರಬೇಕು, ಮೀಟರಿನಲ್ಲೂ ಅದರ ಆಸುಪಾಸೇ ಬಂತು. ಗೆಳೆಯನ ಕೇಬಲಿನಲ್ಲಿ ತಾಮ್ರ ಜಾಸ್ತಿ, ಅದರದ್ದು ಹೆಚ್ಚುಕಡಿಮೆ ಇದರ ಅರ್ಧ. ಅರ್ಧ ಅಂದರೆ ದೊಡ್ಡದು ಅನ್ನಿಸುತ್ತದೆ ಅಲ್ವಾ? ಆದರೆ 8 ಓಮ್ ಸ್ಪೀಕರಿನ ಜೊತೆ 41 ಮಿಲಿಓಮ್ ಇದ್ದರೆ ನಷ್ಟವಾಗುವುದು 0.05 ಡೆಸಿಬೆಲ್ಲಿಗಿಂತ ಕಡಿಮೆ. ಅದರಲ್ಲಿ ಅರ್ಧ ಉಳಿಸಿ ಏನು ಮಾಡುವುದು?

ಬೆಳ್ಳಿ ತಂತಿಯ ಕಥೆಯೂ ಅಷ್ಟೇ. ತಾಮ್ರಕ್ಕಿಂತ ಬೆಳ್ಳಿ ಸುಮಾರು 6% ಚೆನ್ನಾಗಿ ಕರೆಂಟ್ ಹರಿಸುತ್ತದೆ, ನಿಜ. ತಾಮ್ರದ ವೈರನ್ನೇ ಒಂದು ಸೈಜ್ ದಪ್ಪ ತಂದರೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಇನ್ನು ಸ್ಕಿನ್ ಎಫೆಕ್ಟ್. ಹೈ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ತಂತಿಯ ಹೊರಮೈಯಲ್ಲೇ ಹರಿಯಲು ನೋಡುತ್ತದೆ ಎಂಬುದೂ ನಿಜವೇ. ಆದರೆ ಕಿವಿಗೆ ಕೇಳುವ ಕೊನೆಯ ತುದಿಯಾದ 20 ಕಿಲೋಹರ್ಟ್ಸ್‌ನಲ್ಲೂ ತಾಮ್ರದಲ್ಲಿ ಸ್ಕಿನ್ ಡೆಪ್ತ್, ಅಂದರೆ ಕರೆಂಟ್ ಹೊರಮೈಯಿಂದ ಒಳಕ್ಕೆ ಇಳಿಯುವ ಆಳ, ಅರ್ಧ ಮಿಲಿಮೀಟರಿನ ಹತ್ತಿರ ಇರುತ್ತದೆ. ಮನೆಯಲ್ಲಿ ಬಳಸುವ ವೈರಿಗೆ ಇದರಿಂದ ಆಗುವ ವ್ಯತ್ಯಾಸ ಮತ್ತೆ ಮಿಲಿಓಮ್ ಲೆಕ್ಕದ್ದೇ.

ಗೆಳೆಯನ ಬಳಿ ದುಬಾರಿ ಆರ್‌ಸಿಎ ಕೇಬಲ್ಲೂ ಇತ್ತು, ಪ್ಲೇಯರಿನಿಂದ ಆಂಪ್ಲಿಫೈಯರ್‌ಗೆ ಸಿಗ್ನಲ್ ಒಯ್ಯುವಂಥದ್ದು. ಅದಕ್ಕೆ ಬೇರೆ ದಾರಿ ಹಿಡಿದೆ. ಕಂಪ್ಯೂಟರಿಗೆ ಸದ್ದು ರೆಕಾರ್ಡ್ ಮಾಡಲು ಬಳಸುವ ಆಡಿಯೋ ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಆ ಕೇಬಲ್ ಹಾಕಿ ಒಂದು ಹಾಡು ರೆಕಾರ್ಡ್ ಮಾಡಿದೆ. ಅದೇ ಹಾಡನ್ನು ಡಬ್ಬದ ಜೊತೆ ಪುಕ್ಕಟೆ ಬರುವಂಥ ಕೇಬಲಿನಲ್ಲಿ ಇನ್ನೊಮ್ಮೆ. ಎರಡನ್ನೂ ಸ್ಯಾಂಪಲ್ ಸ್ಯಾಂಪಲ್ ಹೊಂದಿಸಿ, ಒಂದರ ಅಲೆಯನ್ನು ತಲೆಕೆಳಗು ಮಾಡಿ ಕೂಡಿಸಿದರೆ ಒಂದೇ ಥರ ಇರುವುದೆಲ್ಲ ಅಳಿಸಿಹೋಗುತ್ತದೆ, ಬೇರೆಯಾದದ್ದು ಮಾತ್ರ ಉಳಿಯುತ್ತದೆ. ಉಳಿದದ್ದು ಸಣ್ಣಗೆ ಸುಯ್ ಎನ್ನುವ ಸದ್ದು. ಹಾಡಿನ ಸುಳಿವೇ ಇಲ್ಲ. ಆ ಸುಯ್ ಕೇಬಲಿನದ್ದೇ ಇರಬಹುದಲ್ಲ? ಅದಕ್ಕೆ ಪುಕ್ಕಟೆ ಕೇಬಲಿನಲ್ಲೇ ಎರಡು ಸಲ ರೆಕಾರ್ಡ್ ಮಾಡಿ ಅವನ್ನೂ ಹಾಗೇ ಕಳೆದು ನೋಡಿದೆ. ಅಷ್ಟೇ ಸುಯ್ ಬಂತು. ಅದು ಇಂಟರ್‌ಫೇಸಿನದು.

ಇಷ್ಟೆಲ್ಲ ತೋರಿಸಿದರೂ ಗೆಳೆಯ ಒಪ್ಪಲಿಲ್ಲ. "ಮೀಟರಿಗೆ ಸಿಗದ್ದು ಕಿವಿಗೆ ಸಿಗುತ್ತೆ ಕಣೋ" ಅಂದ. ಸರಿ, ಕಿವಿಯನ್ನೇ ಕೇಳೋಣ ಎಂದೆ.

ಬ್ಲೈಂಡ್ ಟೆಸ್ಟ್ ಎಂದರೆ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸುವುದಲ್ಲ. ಕೇಬಲ್ ಬದಲಿಸುವವನ ಮುಖ, ದನಿ, ಹಿಂದೆ ಆಗುವ ಸದ್ದು, ಎಲ್ಲವೂ ಸುಳಿವು ಕೊಡುತ್ತವೆ. ಬದಲಿಸುವ ಕೆಲಸ ನನ್ನ ತಮ್ಮನಿಗೆ ವಹಿಸಿದೆವು. ಪ್ರತಿ ಸುತ್ತಿಗೂ ನಾವಿಬ್ಬರೂ ಹೊರಗೆ ಹೋಗಬೇಕು. ಅವನು ನಾಣ್ಯ ಚಿಮ್ಮಿ ಗೆಳೆಯನ ಸ್ಪೀಕರ್ ಕೇಬಲ್ಲೋ ನನ್ನ ಮಾಮೂಲಿ ವೈರೋ ಎಂದು ನಿರ್ಧರಿಸಬೇಕು. ಅದೇ ಕೇಬಲ್ ಬಂದರೂ ಒಮ್ಮೆ ಬಿಚ್ಚಿ ಮತ್ತೆ ಹಾಕಬೇಕು, ಚೀಟಿಯಲ್ಲಿ ಬರೆದಿಟ್ಟು ಹೊರಟುಬಿಡಬೇಕು. ಆಂಪ್ಲಿಫೈಯರ್ ಆಫ್ ಮಾಡಿಯೇ ಬಿಚ್ಚಬೇಕು ಎಂದು ಬೇರೆ ಹೇಳಿದ್ದೆ. ಪ್ಲಗ್‌ಗಳು ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಆಂಪ್ಲಿಫೈಯರ್ರೇ ಹೋಗಬಹುದು. ವಾಲ್ಯೂಮ್ ಗುಂಡಿಯನ್ನು ಯಾರೂ ಮುಟ್ಟುವಂತಿಲ್ಲ.

ವಾಲ್ಯೂಮ್ ವಿಷಯ ಸಣ್ಣದಲ್ಲ. ಸ್ವಲ್ಪ ಜೋರಾಗಿ ಕೇಳಿದ್ದು ನಮಗೆ ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಇಂಥ ಟೆಸ್ಟುಗಳಲ್ಲಿ 0.1 ಡೆಸಿಬೆಲ್ ಒಳಗೆ ಹೊಂದಿಸಬೇಕು ಎನ್ನುತ್ತಾರೆ, ಅಂದರೆ ವೋಲ್ಟೇಜಿನಲ್ಲಿ ಸುಮಾರು 1% ವ್ಯತ್ಯಾಸ. ಸ್ಪೀಕರ್ ಟರ್ಮಿನಲಿನಲ್ಲೇ 100 ಹರ್ಟ್ಸ್ ಟೋನ್ ಹಾಕಿ ಅಳೆದೆ, ಎರಡೂ ಕೇಬಲ್ ಆ ಮಿತಿಯ ಒಳಗೇ ಇದ್ದವು. ಅಗ್ಗದ ಮೀಟರುಗಳು ಹೈ ಫ್ರೀಕ್ವೆನ್ಸಿಯಲ್ಲಿ ನೆಟ್ಟಗೆ ಓದುವುದಿಲ್ಲ, ಅದಕ್ಕೇ 100 ಹರ್ಟ್ಸ್.

ಎಷ್ಟು ಸರಿ ಬಂದರೆ ಒಪ್ಪಬೇಕು ಎಂಬುದನ್ನು ಟೆಸ್ಟಿಗೆ ಮೊದಲೇ ಮಾತಾಡಿಕೊಂಡೆವು. ಸುಮ್ನೆ ಊಹೆ ಮಾಡಿದರೂ ಅರ್ಧ ಸರಿ ಬರುತ್ತವೆ. 16 ಸುತ್ತುಗಳಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಊಹೆಯಿಂದಲೇ ಸರಿಯಾಗುವ ಸಾಧ್ಯತೆ 4%ಗಿಂತ ಕಡಿಮೆ. ಹಾಗಾಗಿ 12 ನಮ್ಮ ಗೆರೆ. ಇಬ್ಬರೂ ಅದರ ಹತ್ತಿರ ಹೋಗಲಿಲ್ಲ, ಅರ್ಧದ ಆಚೀಚೆಯೇ ನಿಂತೆವು. ನನಗೆ ಮಜಾ ಅನ್ನಿಸಿದ್ದು ಬೇರೆ. ಕೇಬಲ್ ಬದಲಿಸದೇ ಇದ್ದ ಒಂದು ಸುತ್ತಿನಲ್ಲಿ ಗೆಳೆಯ "ಇದು ನನ್ನದೇ, ತಬಲಾ ಕೇಳು, ಎಷ್ಟು ಬಿಡಿಬಿಡಿಯಾಗಿದೆ" ಅಂದ. ಹಿಂದಿನ ಸುತ್ತಿನಲ್ಲಿ ಅದೇ ಕೇಬಲಿಗೆ ಮಂಕು ಎಂದಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಹಾಗೇ ಕೇಳಿತ್ತು. ಹೀಗೇಕೆ? 10 ಕಿಲೋಹರ್ಟ್ಸ್ ಸದ್ದಿನ ಅಲೆ 3.4 ಸೆಂಟಿಮೀಟರ್ ಉದ್ದ. ಕೂತಲ್ಲೇ ತಲೆ ಆ ಕಡೆ ವಾಲಿದರೂ ಗೋಡೆಯಿಂದ ತಿರುಗಿ ಬರುವ ಸದ್ದಿನ ಲೆಕ್ಕ ಬದಲಾಗುತ್ತದೆ, ಟ್ರೆಬಲ್ ಬೇರೆಯಾಗಿಯೇ ಕೇಳುತ್ತದೆ. ಅದರ ಮೇಲೆ ಎರಡನೇ ಸಲ ಕೇಳುವಾಗ ನಮ್ಮ ಗಮನವೂ ಬೇರೆ ಕಡೆ ಹೋಗಿರುತ್ತದೆ.

ಪವಾಡದ ಮಾತುಗಳನ್ನು ಪರೀಕ್ಷೆಗೆ ಹಚ್ಚುತ್ತಿದ್ದ ಜಾದೂಗಾರ ಜೇಮ್ಸ್ ರ್ಯಾಂಡಿ, ಅಂಥದ್ದನ್ನು ಸಾಬೀತು ಮಾಡಿದವರಿಗೆಂದು ಇಟ್ಟಿದ್ದ ತನ್ನ 10 ಲಕ್ಷ ಡಾಲರ್ ಬಹುಮಾನವನ್ನು 2007ರಲ್ಲಿ ದುಬಾರಿ ಕೇಬಲಿನ ವಾದಕ್ಕೂ ಒಡ್ಡಿದ್ದರು. ಆ ಹಣ ಯಾರ ಕೈಗೂ ಹೋಗಲಿಲ್ಲ.

ಹಾಗಂತ ಕೇಬಲ್ ಯಾವುದಾದರೂ ನಡೆಯುತ್ತದೆ ಎಂದಲ್ಲ. 0.5 ಚದರ ಮಿಲಿಮೀಟರಿನ ತೆಳು ವೈರನ್ನು 10 ಮೀಟರ್ ಎಳೆದರೆ 0.7 ಓಮ್ ಹತ್ತಿರ ಬರುತ್ತದೆ. ಸ್ಪೀಕರಿನ ಇಂಪಿಡೆನ್ಸ್, ಅಂದರೆ ಸಿಗ್ನಲಿಗೆ ಅದು ಒಡ್ಡುವ ತಡೆ, ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಇರುವುದಿಲ್ಲ. ಒಂದು ಕಡೆ 3 ಓಮಿಗೆ ಇಳಿದು ಇನ್ನೊಂದು ಕಡೆ 20 ಓಮಿಗೆ ಏರುವ ಸ್ಪೀಕರಾದರೆ ಆ ವೈರಿನಿಂದ ಸುಮಾರು ಒಂದೂವರೆ ಡೆಸಿಬೆಲ್ ಏರುಪೇರು. ಇದು ಕಿವಿಗೆ ಕೇಳುತ್ತದೆ. ಟರ್ನ್‌ಟೇಬಲಿನ (ರೆಕಾರ್ಡ್ ಪ್ಲೇಯರಿನ) ಸೂಜಿ ಇರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜಿಗೂ ಕೇಬಲಿನ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಗುಣ, ಲೆಕ್ಕಕ್ಕೆ ಬರುತ್ತದೆ, ಟ್ರೆಬಲ್ ಅದರ ಮೇಲೆ ನಿಂತಿದೆ. ಎರಡಕ್ಕೂ ಮದ್ದು ದುಬಾರಿಯಲ್ಲ. ಒಂದಕ್ಕೆ ದಪ್ಪ ವೈರು, ಇನ್ನೊಂದಕ್ಕೆ ಗಿಡ್ಡ ಕೇಬಲ್.

ಕೊನೆಗೆ ಗೆಳೆಯನ ಸಿಸ್ಟಮ್ಮನ್ನೂ ಒಮ್ಮೆ ಬಿಚ್ಚಿ ನೋಡಿದೆ. ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಹಾಗಾದಾಗ ಎರಡು ಸ್ಪೀಕರಿನ ಬಾಸ್ ಒಂದನ್ನೊಂದು ಹೊಡೆದುಹಾಕುತ್ತದೆ. ತಿರುಗಿಸಿ ಹಾಕಿದೆ, ಬಾಸ್ ಬಂತು. ಅವನಿಗೆ ಆಗಾಗ ಗುಂಯ್ ಎನ್ನುವ ಹಮ್ ಕಾಟವೂ ಇತ್ತು. ಕಂಪ್ಯೂಟರು ಒಂದು ಗೋಡೆಯ ಸಾಕೆಟ್ಟಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇತ್ತು, ಅರ್ಥಿಂಗ್ ಎರಡು ದಾರಿ ಹಿಡಿದಿತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆವು, ಹಮ್ ನಿಂತಿತು. ಹಮ್ ಹೋಗಲಿ ಅಂತ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ.