ಬೀನ್ಸ್ ಹಸಿರಾಗಿಯೇ ಉಳಿಯೋಕೆ ನಾನು ಮಾಡಿದ್ದು

ನಾನು ಬೇಯಿಸಿದ ಬೀನ್ಸ್ ವರ್ಷಗಟ್ಟಲೆ ಪಾಚಿ ಬಣ್ಣಕ್ಕೇ ತಿರುಗುತ್ತಿತ್ತು. ರುಚಿ ಪರವಾಗಿಲ್ಲ, ಆದರೆ ತಟ್ಟೆಗೆ ಹಾಕಿದರೆ ನಿನ್ನೆಯದೇನೋ ಅನ್ನಿಸುವಂತಿತ್ತು. ಕಾಯಿಯೇ ಸರಿಯಿಲ್ಲ ಅಂತ ಸುಮ್ನೆ ಬೈಯುತ್ತಿದ್ದೆ. ತಪ್ಪು ಮಾಡುತ್ತಿದ್ದದ್ದು ನಾನೇ, ಮುಚ್ಚಳ ಮುಚ್ಚಿ.

ಬೀನ್ಸ್ ಬೇಯುವಾಗ ಅದರೊಳಗಿನ ಹುಳಿ ಅಂಶ ಹೊರಗೆ ಬರುತ್ತದೆ, ಅದರಲ್ಲಿ ಒಂದಷ್ಟು ಆವಿಯ ಜೊತೆ ಹೋಗಿಬಿಡಬೇಕು. ಸ್ವಲ್ಪವೇ ನೀರು ಹಾಕಿ ಮುಚ್ಚಿಟ್ಟರೆ ಅದು ವಾಪಸ್ಸು ಪಾತ್ರೆಗೇ ಬೀಳುತ್ತದೆ. ಆಮೇಲೆ ಹಸಿರು ಕೊಡುವ ಪತ್ರಹರಿತ್ತಿನಿಂದ ಮೆಗ್ನೀಸಿಯಂ ಕಳಚಿಕೊಂಡು ಬಣ್ಣ ಮಂಕಾಗುತ್ತದೆ. ಒಮ್ಮೆ ಚಿಟಿಕೆ ಸೋಡಾ ಹಾಕಿಯೂ ನೋಡಿದೆ. ಹಸಿರೇನೋ ಕಣ್ಣು ಕುಕ್ಕುವಷ್ಟು ಬಂತು, ಕಾಯಿ ಮಾತ್ರ ಮುಟ್ಟಿದರೆ ಕರಗುವಂತಾಯಿತು. ಆಮೇಲೆ ಸೋಡಾ ಮುಟ್ಟಿಲ್ಲ.

ಈಗ ಕಾಲು ಕಿಲೋ ಬೀನ್ಸ್‌ಗೆ ಎರಡು ಲೀಟರ್ ನೀರು ಇಡುತ್ತೇನೆ. ಉಪ್ಪು ಹಾಕಿ, ಕೊತಕೊತ ಕುದಿ ಬಂದ ಮೇಲಷ್ಟೇ ಕಾಯಿ ಹಾಕಿ, ಮುಚ್ಚದೆ ಆರೇಳು ನಿಮಿಷ ಬೇಯಿಸುತ್ತೇನೆ. ತೆಗೆದು ತಣ್ಣೀರಿಗೆ ಹಾಕಿ, ನೀರು ಬಸಿದು, ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬೆಳ್ಳುಳ್ಳಿ ಜೊತೆ ಬಾಣಲೆಯಲ್ಲಿ ಮೂರು ನಿಮಿಷ ಬಾಡಿಸುತ್ತೇನೆ. ಒರೆಸದೆ ಹಾಕಿದರೆ ಎಣ್ಣೆ ಸಿಡಿಯುತ್ತೆ, ಕೈ ಸುಟ್ಟುಕೊಂಡು ಕಲಿತದ್ದು ಇದು. ಕರಕರ ಅನ್ನಲಿ ಅಂತ ಅರ್ಧಂಬರ್ಧ ಬೇಯಿಸೋದು ಮಾತ್ರ ಬೇಡ. ಹಸಿ ಬೀನ್ಸ್‌ನಲ್ಲಿರುವ ಲೆಕ್ಟಿನ್ ಅನ್ನೋ ಪ್ರೋಟೀನ್ ಹೊಟ್ಟೆ ಕೆಡಿಸಬಹುದು, ಚೆನ್ನಾಗಿ ಬೆಂದರೆ ಅದು ಹೋಗುತ್ತದೆ.

ನಿಂಬೆರಸ ತಟ್ಟೆಗೆ ಬಂದ ಮೇಲೇ. ಟೊಮೆಟೊ ವಿಷಯದಲ್ಲಿ ನಾನು ಚೆನ್ನಾಗಿ ಪಾಠ ಕಲಿತೆ. ಹಸಿ ಕಾಯಿಯನ್ನು ನೇರವಾಗಿ ಟೊಮೆಟೊ ಗೊಜ್ಜಿನಲ್ಲಿ ಬೇಯೋಕೆ ಬಿಟ್ಟೆ, ಮುಕ್ಕಾಲು ಗಂಟೆ ಆದರೂ ಗಟ್ಟಿ, ಊಟಕ್ಕೆ ಕೂತವರು ಕಾದು ಕಾದು ಬರೀ ಗೊಜ್ಜು ಬಡಿಸಿಕೊಂಡರು! ಹುಳಿ ಇದ್ದರೆ ತರಕಾರಿ ಮೆತ್ತಗಾಗೋಕೆ ಬಿಡಲ್ಲ ಅಲ್ವಾ. ಮೊದಲು ಬೇಯಿಸಿ, ಆಮೇಲೆ ಟೊಮೆಟೊ.

ಇಷ್ಟೆಲ್ಲ ಎಳೆ ಕಾಯಿಗೆ, ಬಗ್ಗಿಸಿದರೆ ಟಪ್ ಅಂತ ಮುರಿಯುವಂಥದ್ದಕ್ಕೆ. ಒಳಗೆ ಬೀಜ ಉಬ್ಬಿದ ಬಲಿತ ಕಾಯಿ ಸಿಕ್ಕರೆ ಬಣ್ಣದ ಆಸೆಯನ್ನೇ ಬಿಟ್ಟುಬಿಡುತ್ತೇನೆ. ನಾರು ಎಳೆದು, ಈರುಳ್ಳಿ, ಸ್ವಲ್ಪ ಜಾಸ್ತಿಯೇ ಎಣ್ಣೆ, ಒಂದಿಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡುತ್ತೇನೆ. ಮುಚ್ಚಳ ಮುಚ್ಚಿಯೇ. ಅದೇ ಪಾಚಿ ಬಣ್ಣ ಬರುತ್ತದೆ, ಆದರೆ ಆ ಸಿಹಿ ಎಳೆ ಕಾಯಿಗೆ ಬರಲ್ಲ.