ಜೀನೋಮ್ ಸಂಪಾದನೆಯಿಂದ ಆಹಾರ ಬೆಳೆಯ ಸುಧಾರಣೆ: ಕೆಲಸದ ಕ್ರಮ

ಜೀನೋಮ್ ಸಂಪಾದನೆ ಎಂದರೆ ಸಸ್ಯದ ಡಿಎನ್‌ಎಯನ್ನು ಆಯ್ದ ಜಾಗದಲ್ಲಿ ಕತ್ತರಿಸಿ ಬದಲಿಸುವುದು. ಇದಕ್ಕೆ ಮೊದಲು ಗುರಿಯ ಜೀನ್ ಖಚಿತವಾಗಬೇಕು. ಒಂದೇ ಜೀನ್ ನಿಷ್ಕ್ರಿಯವಾದರೆ ಪ್ರಯೋಜನ ದೊರೆಯುವ ಗುಣಗಳು ಆರಂಭಕ್ಕೆ ಸೂಕ್ತ. ಹಲವಾರು ಜೀನ್‌ಗಳು ಸೇರಿ ನಿರ್ಧರಿಸುವ ಇಳುವರಿಯನ್ನು ಮೊದಲ ಪ್ರಯತ್ನಕ್ಕೇ ಆರಿಸಿಕೊಳ್ಳುವುದು ಜಾಣತನವಲ್ಲ. ಗೋಧಿಯಲ್ಲಿ ಎಂಎಲ್‌ಒ ಎಂಬ ಜೀನ್ ಕೆಲಸ ನಿಲ್ಲಿಸಿದರೆ ಬೂದಿರೋಗಕ್ಕೆ ನಿರೋಧಕತೆ ಬರುತ್ತದೆ, ಆದರೆ ಬ್ರೆಡ್ ಗೋಧಿಯಲ್ಲಿ 3 ಉಪಜೀನೋಮ್‌ಗಳು (ಬೇರೆ ಬೇರೆ ಪೂರ್ವಜ ಸಸ್ಯಗಳಿಂದ ಬಂದ ಜೀನ್‌ಗಳ ಗುಂಪುಗಳು) ಇರುವುದರಿಂದ ಮೂರರಲ್ಲಿಯೂ ಇರುವ ಪ್ರತಿಗಳನ್ನು ಬದಲಿಸಬೇಕಾಗುತ್ತದೆ.

ಬಳಿಕ ಡಿಎನ್‌ಎ ಕತ್ತರಿಸುವ ಕ್ಯಾಸ್9 ಪ್ರೋಟೀನನ್ನು ಬಳಸುವ ಕ್ರಿಸ್ಪರ್-ಕ್ಯಾಸ್9 ವ್ಯವಸ್ಥೆಗೆ, ಆ ಪ್ರೋಟೀನನ್ನು ಗುರಿಗೆ ಕರೆದೊಯ್ಯುವ ಮಾರ್ಗದರ್ಶಿ ಆರ್‌ಎನ್‌ಎಯನ್ನು ವಿನ್ಯಾಸಗೊಳಿಸಬೇಕು. ಅದರ ಸುಮಾರು 20 ನ್ಯೂಕ್ಲಿಯೋಟೈಡ್‌ಗಳು (ಆನುವಂಶಿಕ ಅಕ್ಷರಗಳು) ಗುರಿಗೆ ಹೊಂದಬೇಕು; ಗುರಿಯ ಪಕ್ಕದಲ್ಲೇ ಎನ್‌ಜಿಜಿ ಅನುಕ್ರಮ (ಯಾವುದಾದರೂ ಒಂದು ಅಕ್ಷರ, ನಂತರ ಎರಡು ಜಿ) ಇರಬೇಕು. ಪ್ರಕಟಿತ ಜೀನೋಮ್ ಒಂದನ್ನೇ ನಂಬದೆ, ಕೈಯಲ್ಲಿರುವ ತಳಿಯ ಆ ಭಾಗವನ್ನೇ ಓದಿಸಿ ನೋಡುವುದು ಒಳಿತು, ಏಕೆಂದರೆ ಒಂದೆರಡು ಅಕ್ಷರಗಳ ವ್ಯತ್ಯಾಸವೂ ಕತ್ತರಿಸುವಿಕೆಯನ್ನು ಕೆಡಿಸಬಲ್ಲದು.

ನಿಜವಾದ ಅಡಚಣೆ ಇರುವುದು ಸಾಮಾನ್ಯವಾಗಿ ಕತ್ತರಿಸುವುದರಲ್ಲಲ್ಲ, ಅಗ್ರೋಬ್ಯಾಕ್ಟೀರಿಯಂ (ಸಸ್ಯಕ್ಕೆ ಡಿಎನ್‌ಎ ಸೇರಿಸುವ ಬ್ಯಾಕ್ಟೀರಿಯಾ) ಅಥವಾ ಜೀನ್ ಗನ್ (ಡಿಎನ್‌ಎ ಲೇಪಿತ ಕಣಗಳನ್ನು ಹಾರಿಸುವ ಸಾಧನ) ಮೂಲಕ ಸಂಪಾದಕವನ್ನು, ಅಂದರೆ ಕ್ಯಾಸ್9 ಮತ್ತು ಮಾರ್ಗದರ್ಶಿ ಆರ್‌ಎನ್‌ಎಯನ್ನು, ಪಡೆದ ಜೀವಕೋಶದಿಂದ ಪೂರ್ಣ ಸಸ್ಯವನ್ನು ಬೆಳೆಸುವುದರಲ್ಲಿ. ಆದ್ದರಿಂದ ಆಯ್ದ ತಳಿಯ ಅಂಗಾಂಶ ಕೃಷಿಯನ್ನು ಮುಂಚೆಯೇ ಪಳಗಿಸಿಕೊಳ್ಳಬೇಕು.

ಬೆಳೆದ ಸಸಿಗಳ ಡಿಎನ್‌ಎ ಅನುಕ್ರಮವನ್ನು ಪರೀಕ್ಷಿಸಿ, ಗುರಿಯನ್ನು ಹೋಲುವ ಇತರ ತಾಣಗಳಲ್ಲಿ ಬದಲಾವಣೆಯಾಗಿಲ್ಲವೆಂದು ನೋಡಬೇಕು. ಬೀಜದಿಂದ ಬೆಳೆಯುವ ಬೆಳೆಗಳಲ್ಲಿ, ಬದಲಾವಣೆಯನ್ನು ಉಳಿಸಿಕೊಂಡು, ಹೊರಗಿನಿಂದ ಸೇರಿಸಿದ ಕ್ಯಾಸ್9 ಜೀನನ್ನು ಕಳೆದುಕೊಂಡ ಸಸ್ಯಗಳು ಮುಂದಿನ ಪೀಳಿಗೆಯಲ್ಲಿ ದೊರೆಯುತ್ತವೆ. ಬಾಳೆಯಂತೆ ಕಂದುಗಳಿಂದ ವೃದ್ಧಿಯಾಗುವ ಬೆಳೆಗಳಲ್ಲಿ ಈ ದಾರಿ ಇಲ್ಲದ ಕಾರಣ, ಕ್ಯಾಸ್9 ಪ್ರೋಟೀನನ್ನೇ ಮಾರ್ಗದರ್ಶಿ ಆರ್‌ಎನ್‌ಎಯೊಂದಿಗೆ ನೇರವಾಗಿ ಜೀವಕೋಶಕ್ಕೆ ಸೇರಿಸುವ ವಿಧಾನವನ್ನು ಪರಿಗಣಿಸಬೇಕು. ನಿಯಂತ್ರಣ ನಿಯಮಗಳು ದೇಶದಿಂದ ದೇಶಕ್ಕೆ ಭಿನ್ನವಾಗಿರುವುದರಿಂದ, ಕ್ಷೇತ್ರ ಪ್ರಯೋಗಕ್ಕೆ ಮುನ್ನ ಅಗತ್ಯ ಅನುಮತಿಯನ್ನು ಪಡೆದು, ಹಲವು ಹಂಗಾಮುಗಳಲ್ಲಿ ಮೂಲ ತಳಿಯ ಜೊತೆಗೇ ಬೆಳೆದು ಹೋಲಿಸಬೇಕು.